ಬಣ್ಣ ನೋಡಿ ಗ್ರೈಂಡರ್ ತಗೋಬ್ಯಾಡ್ರಿ

ರಿಕಂಡೀಷನ್ (ರಿಪೇರಿ ಮಾಡಿ ಮಾರೋ ಹಳೇ) ಆಂಗಲ್ ಗ್ರೈಂಡರ್, ಅಂದ್ರ ಕಬ್ಬಿಣ ಕೊಯ್ಯೋ-ಉಜ್ಜೋ ಕೈ ಮಷೀನ್, ಚಾಲೂ ಆಗಿ ಸದ್ದು ಸರಿ ಇದ್ರ ಸಾಕು ಅಂತ ನಿಮ್ಮ ಲೇಖನದಾಗ ಬರದೀರಿ. ಅಷ್ಟಕ್ಕ ಸಾಲಂಗಿಲ್ಲ ರೀ. ಹುಬ್ಬಳ್ಳಿ ಗೋಕುಲ ರೋಡ್ ಆಗ್ಲಿ, ಗದಗ ಆಗ್ಲಿ, ಅಂಗಡಿಯವ್ರ ಮುಂದನ ಬ್ರಷ್ ಕ್ಯಾಪ್ ಬಿಚ್ಚಸ್ರಿ. ಒಳಗಿನ ಕಾರ್ಬನ್ ಬ್ರಷ್ (ಮೋಟಾರಿನ ತಿರುಗೋ ಭಾಗಕ್ಕ ಕರೆಂಟ್ ಮುಟ್ಟಿಸೋ ತುಂಡು) 5–6 ಮಿ.ಮೀ.ಗಿಂತ ಕಡಿಮಿ ಉಳದಿದ್ರ ಎರಡೂ ಬದಲಿ ಮಾಡೋದು, ಅದು ಸಣ್ಣ ಖರ್ಚು.

ಖರೇ ಖರ್ಚು ಆರ್ಮೇಚರ್‌ದು, ಅಂದ್ರ ಮೋಟಾರಿನೊಳಗ ತಿರುಗೋ, ತಂತಿ ಸುತ್ತಿದ ಭಾಗದ್ದು. ಮಷೀನ್ ಓಡೂವಾಗ ಹಿಂದಿನ ಗಾಳಿ ಕಿಂಡಿಯೊಳಗ ನೋಡ್ರಿ. ಬ್ರಷ್ ಬುಡದಾಗ ಸಣ್ಣ ನೀಲಿ ಕಿಡಿ ನಡೀತದ. ಕಮ್ಯುಟೇಟರ್ (ಬ್ರಷ್ ತಾಗೋ ತಾಮ್ರದ ಪಟ್ಟಿಗಳ ಉಂಗುರ) ಸುತ್ತ ಬಳಿಯಂಗ ಕಿಡಿ ತಿರುಗಿದ್ರ ವೈಂಡಿಂಗ್ ಹೋಗಿರೋ ಸಾಧ್ಯತೆನ ಹೆಚ್ಚು. ಬಿಚ್ಚಿ ತೋರಿಸಿದ್ರ ಮಲ್ಟಿಮೀಟರ್ 200 ಓಮ್‌ಗೆ ಇಟ್ಟು ಅಕ್ಕಪಕ್ಕದ ತಾಮ್ರದ ಪಟ್ಟಿ ಜೋಡಿ ಜೋಡಿ ಅಳೀರಿ. ಎಲ್ಲಾ ಕಡೆ ಹೆಚ್ಚುಕಡಿಮಿ ಒಂದ ರೀಡಿಂಗ್ ಬರಬೇಕು. ಒಂದು ಕಡೆ ಏಕದಂ ಏರಿದ್ರ ಅಲ್ಲಿ ತಂತಿ ಕಡದದ.

ಯಾರೂ ಹೇಳದ ಮಾತು ಇನ್ನೊಂದದ. ಚೌಕದೊಳಗ ಚೌಕ ಗುರುತಿರೋ (ಡಬಲ್ ಇನ್ಸುಲೇಷನ್) ಮಷೀನಿಗೆ ಅರ್ಥ್ ತಂತಿನ ಇರಂಗಿಲ್ಲ, ಶಾಕ್ ತಡಿಯೋದು ಒಳಗಿನ ಇನ್ಸುಲೇಷನ್ನ. ಆರ್ಮೇಚರ್ ಸುಟ್ಟಾಗ ಶಾಫ್ಟಿನ ಮ್ಯಾಲಿನ ಪ್ಲಾಸ್ಟಿಕ್ ಸ್ಲೀವೂ (ಕೊಳವಿ) ಸುಟ್ಟಿರಬಹುದು; ಅದನ್ನ ಬದಲಿ ಮಾಡದ ಬರೇ ತಂತಿ ಸುತ್ತಿ ಕೊಟ್ರ ಶಾಕಿನ ಭಯ ಹಂಗ ಉಳೀತದ. ಸ್ವಿಚ್ ಆನ್ ಇಟ್ಟು, ಬೋರ್ಡಿನಿಂದ ತಗದ ಪ್ಲಗ್ಗಿನ ಪಿನ್ನಿಗೂ ಸ್ಪಿಂಡಲಿಗೂ (ಡಿಸ್ಕ್ ಕೂಡ್ರೋ ಶಾಫ್ಟ್) 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳಿಯೋ ಮೀಟರ್) ಹಚ್ಚಿದ್ರ ಕನಿಷ್ಠ 7 ಮೆಗಾಓಮ್ ತೋರಿಸಬೇಕು. ಮೆಗ್ಗರ್ ಯಾವ ಮೋಟಾರ್ ವೈಂಡಿಂಗ್ ಅಂಗಡ್ಯಾಗರ ಸಿಗ್ತದ.

ಬೇರಿಂಗ್ ಬದಲಿ ಆಗ್ತಾವು, ಚಿಂತಿಲ್ಲ. ಆದ್ರ ಡಿಸ್ಕಿನ ಗಾರ್ಡ್ ಇಲ್ಲದ ಮಷೀನ್ ಅರ್ಧ ರೇಟಿಗೆ ಕೊಟ್ರೂ ಬ್ಯಾಡ: 4 ಇಂಚಿನ ಡಿಸ್ಕ್ ನಿಮಿಷಕ್ಕ 11,000 ಸುತ್ತಿನ ಹತ್ರ ತಿರುಗ್ತದ, ಒಡದ್ರ ಚೂರು ಮುಖಕ್ಕ ಬರ್ತದ.