ಅಟ್ಟದ ಮೇಲಿನ ಕೀಬೋರ್ಡ್, ನಡುಮನೆಯ ಪಿಯಾನೋ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಕೀಬೋರ್ಡ್ ಇದೆ. 61 ಕೀ, ನೂರಾರು ಸೌಂಡು. ಕೊಳಲು ಬೇಕಾ, ಇದೆ. ಟ್ರಂಪೆಟ್ ಬೇಕಾ, ಇದೆ. ಹೆಲಿಕಾಪ್ಟರ್ ಹಾರುವ ಸದ್ದೂ ಇದೆ. ಅದು ಯಾವ ಹಾಡಿಗೆ ಬೇಕಾಗುತ್ತದೋ ದೇವರೇ ಬಲ್ಲ. ಮಗಳು ಪಿಯಾನೋ ಕಲಿಯುತ್ತೇನೆ ಅಂದಾಗ ನಾನೇ ಖುಷಿಯಿಂದ ಹೊತ್ತು ತಂದಿದ್ದು. ಅಂಗಡಿಯವರು "ಇದರಾಗ ಪಿಯಾನೋ ಸೌಂಡ್ ಭಾಳ ಛಲೋ ಐತ್ರಿ, ಕಣ್ಣ ಮುಚ್ಚಿ ಕೇಳ್ರಿ" ಅಂದರು. ಕಣ್ಣು ಮುಚ್ಚಿ ಕೇಳಿದೆ. ಚೆನ್ನಾಗಿಯೇ ಇತ್ತು. ತಪ್ಪು ಅಲ್ಲೇ ಆಯಿತು.

ಮಗಳಿಗೆ ಕಲಿಸುವ ಮಿಸ್ ಇರುವುದು ನಮ್ಮ ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ. ಅವರ ಮನೆಯಲ್ಲಿ ಅಜ್ಜನ ಕಾಲದ ಒಂದು ಅಪ್‌ರೈಟ್ ಪಿಯಾನೋ ಇದೆ. ಎಂಟು ತಿಂಗಳಾದ ಮೇಲೆ ಒಂದು ದಿನ ನನ್ನನ್ನು ಒಳಗೆ ಕರೆದರು. "ನೀವ ಕೂತು ನೋಡ್ರಿ" ಅಂದರು. ಮನೆಯಲ್ಲಿ ನೀರು ಕುಡಿದ ಹಾಗೆ ನುಡಿಸುತ್ತಿದ್ದ ಪಾಠವನ್ನೇ ಅವಳು ಅಲ್ಲಿ ನುಡಿಸಿದಳು. ಅರ್ಧ ಸ್ವರ ಕೇಳಿಸಲೇ ಇಲ್ಲ. ಕೀ ಕೆಳಗೆ ಹೋಗುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಬಂದ ಕಡೆ ಒಂದು ದಪ್ಪ, ಒಂದು ಸಣ್ಣ. ಮಗಳು ಅಳುವುದೊಂದು ಬಾಕಿ. ಮಿಸ್ ಬೈಯಲಿಲ್ಲ. "ಇವಳಿಗೆ ಸ್ವರ ಗೊತ್ತು, ತಾಳ ಗೊತ್ತು. ಬೆರಳಿಗೆ ಮಾತ್ರ ಪಿಯಾನೋ ಗೊತ್ತಿಲ್ಲ. ಮನ್ಯಾಗ ಏನ್ ಇಟ್ಟೀರಿ?" ಅಂತ ಕೇಳಿದರು. ಹೇಳಲು ನನಗೇ ನಾಚಿಕೆಯಾಯಿತು.

ಇದು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲ ಅಂದರೆ, ನನ್ನದು ಹಾರ್ಮೋನಿಯಂ ಕೈ. ಇಲ್ಲೇ ಬೆಳಗಾವಿಯ ಶಹಾಪುರದಲ್ಲಿ ನಮ್ಮಪ್ಪ ಭಜನಾ ಮಂಡಳಿಗೆ ಪೇಟಿ ನುಡಿಸುತ್ತಿದ್ದರು. ನಾನೂ ಅದರ ಮುಂದೆಯೇ ಬೆಳೆದೆ. ಪಂ. ರಾಮಭಾವು ಬಿಜಾಪುರೆ ಅವರು ಇದ್ದ ಊರು ಇದು. 2010ರಲ್ಲಿ ಅವರು ತೀರಿಕೊಳ್ಳುವ ತನಕ ಇಲ್ಲಿ ಹಾರ್ಮೋನಿಯಂ ಅಂದರೆ ಅವರೇ. ಹೀಗಾಗಿ ನಮ್ಮಲ್ಲಿ ಅನೇಕರಿಗೆ ಕಪ್ಪು ಬಿಳಿ ಕೀ ಕಂಡರೆ ಸಾಕು, ಇದು ನಮಗೆ ಗೊತ್ತಿರುವ ವಿಷಯ ಅನಿಸಿಬಿಡುತ್ತದೆ.

ಆದರೆ ಹಾರ್ಮೋನಿಯಂನಲ್ಲಿ ಸದ್ದು ದೊಡ್ಡದು ಸಣ್ಣದು ಆಗುವುದು ಎಡಗೈಯಿಂದ, ತಿದಿ ಒತ್ತುವುದರಿಂದ. ಬಲಗೈ ಬೆರಳು ಗಾಳಿಗೆ ಬಾಗಿಲು ತೆರೆಯುತ್ತದೆ, ಅಷ್ಟೇ. ಮೆಲ್ಲಗೆ ಒತ್ತಿದರೂ ಗುದ್ದಿದರೂ ಅದೇ ಸ್ವರ. ಪಿಯಾನೋದಲ್ಲಿ ತಿದಿ ಇಲ್ಲ. ಕೀ ಒಂದು ಸನ್ನೆಗೋಲು. ಈ ತುದಿ ಒತ್ತಿದರೆ ಆ ಕಡೆ ಉಣ್ಣೆ ಸುತ್ತಿದ ಸುತ್ತಿಗೆ ಚಿಮ್ಮಿ ತಂತಿಗೆ ಬಡಿಯುತ್ತದೆ. ಕೊನೆಯ ಕ್ಷಣದಲ್ಲಿ ಸುತ್ತಿಗೆ ಕೀಯಿಂದ ಬಿಡಿಸಿಕೊಂಡು ತಾನೇ ಹಾರುತ್ತದೆ. ಅದು ಎಷ್ಟು ವೇಗದಲ್ಲಿ ಹಾರಿತು ಅನ್ನುವುದರ ಮೇಲೆಯೇ ಎಲ್ಲ ನಿಂತಿದೆ. ತೀರಾ ನಿಧಾನ ಒತ್ತಿದರೆ ಸುತ್ತಿಗೆ ತಂತಿಯನ್ನು ಮುಟ್ಟುವುದೇ ಇಲ್ಲ. ಮಗಳಿಗೆ ಆಗಿದ್ದು ಅದೇ. ಅಟ್ಟದ ಕೀಬೋರ್ಡ್‌ನಲ್ಲಿ ಕೀ ಕೆಳಗೆ ಬರೀ ಸ್ಪ್ರಿಂಗು, ರಬ್ಬರು. ಲೈಟ್ ಸ್ವಿಚ್ ಒತ್ತಲು ಬೇಕಾಗುವಷ್ಟು ಬೆರಳು ಅವಳಿಗೆ ಬಂದಿತ್ತು.

ಅವತ್ತಿನಿಂದ ನನ್ನದು ಒಂದೇ ಹಟ. ಡಿಜಿಟಲ್ ಪಿಯಾನೋ, ಅಂದರೆ ಅಸಲಿ ಪಿಯಾನೋದ ಕೀ ಭಾರವನ್ನೂ ದನಿಯನ್ನೂ ನಕಲು ಮಾಡುವ ಕರೆಂಟಿನ ವಾದ್ಯ, ತಗೊಳ್ಳುವಾಗ ಮೊದಲು ಕೀ ನೋಡಬೇಕು, ಆಮೇಲೆ ಸೌಂಡು. ಗೆಳೆಯರು ಒಪ್ಪುವುದಿಲ್ಲ. "ವಾದ್ಯ ಅಂದ ಮೇಲೆ ನಾದ ಮೊದಲಲ್ವಾ?" ಅನ್ನುತ್ತಾರೆ. ಸರಿ, ಆದರೆ ಸೌಂಡನ್ನು ನಾಳೆ ಬದಲಿಸಬಹುದು. ಒಂದು ಯುಎಸ್‌ಬಿ ವೈರ್ ಹಾಕಿ ಲ್ಯಾಪ್‌ಟಾಪ್‌ಗೆ ಜೋಡಿಸಿ, ಪಿಯಾನೋಟೆಕ್ ಥರದ ಸಾಫ್ಟ್‌ವೇರ್ ಹಾಕಿದರೆ ನಿಮ್ಮ ಹಳೆಯ ಪಿಯಾನೋ ಬೇರೆಯೇ ದನಿ ತೆಗೆಯುತ್ತದೆ. ಸಾಮಾನ್ಯವಾಗಿ ಡಿಜಿಟಲ್ ಪಿಯಾನೋದೊಳಗೆ ಅಸಲಿ ಪಿಯಾನೋದಿಂದ ರೆಕಾರ್ಡ್ ಮಾಡಿದ ಸ್ವರಗಳಿರುತ್ತವೆ, ಈ ಸಾಫ್ಟ್‌ವೇರ್‌ನಲ್ಲಿ ಅವೇ ಇಲ್ಲ. ತಂತಿ, ಸುತ್ತಿಗೆ, ಹಲಗೆ ಹೇಗೆ ನಡುಗುತ್ತವೆ ಅಂತ ಲೆಕ್ಕ ಹಾಕಿ ಆಗಿಂದಾಗ ಸದ್ದು ಹುಟ್ಟಿಸುತ್ತದೆ. ಸ್ಪೀಕರ್ ಬದಲಿಸಬಹುದು, ಹೆಡ್‌ಫೋನ್ ಬದಲಿಸಬಹುದು. ಕೀ ಬದಲಿಸಬೇಕು ಅಂದರೆ ಇಡೀ ಪಿಯಾನೋನೇ ಬದಲಿಸಬೇಕು.

ನಮ್ಮೂರಲ್ಲಿ ನಾನು ಸುತ್ತಿದ ಅಂಗಡಿಗಳಲ್ಲಿ ಅಸಲಿ ಪಿಯಾನೋದಷ್ಟೇ, ಅಂದರೆ 88 ಕೀ ಇರುವ ಡಿಜಿಟಲ್ ಪಿಯಾನೋ ನೋಡಲು ಸಿಕ್ಕಿದ್ದು ಒಂದೇ. ಅದೂ ಡಬ್ಬದೊಳಗೆ. "ಆರ್ಡರ್ ಕೊಟ್ರ ತರಸಿ ಕೊಡ್ತೀವ್ರಿ, ಯೂಟ್ಯೂಬಿನ್ಯಾಗ ಕೇಳ್ರಿ" ಅಂದರು. ಯೂಟ್ಯೂಬ್‌ನಲ್ಲಿ ನುಡಿಸುವವನು ಚೆನ್ನಾಗಿದ್ದರೆ ಎಲ್ಲ ಪಿಯಾನೋನೂ ಚೆನ್ನಾಗಿರುತ್ತದೆ. ಕೀ ಭಾರ ಎಷ್ಟು ಅಂತ ಯಾವ ವಿಡಿಯೋನೂ ಬೆರಳಿಗೆ ಹೇಳುವುದಿಲ್ಲ. ಕೊನೆಗೆ ಅಪ್ಪ ಮಗಳು ಇಬ್ಬರೂ ರಾಣಿ ಚೆನ್ನಮ್ಮ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಬ್ಯಾಗಿನಲ್ಲಿ ನಮ್ಮದೇ ಹೆಡ್‌ಫೋನ್, ಮಿಸ್‌ಗೆ ಒಂದು ಡಬ್ಬಿ ಅಂತ ತಂದು ಕೊಡಲು ಮರೆತಿದ್ದ ಕುಂದಾ. ಕುಂದಾ ಅಂಗಡಿಯ ಹುಡುಗನಿಗೆ ಸಿಕ್ಕಿತು. ಅದರ ಪುಣ್ಯವೋ ಏನೋ, ಮೂರು ತಾಸು ಕೂತರೂ ಅವನು ಏನೂ ಅನ್ನಲಿಲ್ಲ.

ಹೆಡ್‌ಫೋನ್ ಯಾಕೆ ಅಂದರೆ, ಅಂಗಡಿಯಲ್ಲಿ ಒಬ್ಬ ಗಿಟಾರ್ ಬಾರಿಸುತ್ತಿರುತ್ತಾನೆ, ಇನ್ನೊಬ್ಬ ಡ್ರಮ್ ಕುಟ್ಟುತ್ತಿರುತ್ತಾನೆ. ಒಂದೊಂದು ಪಿಯಾನೋದ ಸ್ಪೀಕರ್ ಒಂದೊಂದು ಥರ. ಎಲ್ಲವನ್ನೂ ಒಂದೇ ಹೆಡ್‌ಫೋನ್‌ನಲ್ಲಿ ಕೇಳಿದರೆ ಮಾತ್ರ ತೂಗಿ ನೋಡಲು ಆಗುತ್ತದೆ.

ನಾನು ಮೊದಲು ಪವರ್ ಆಫ್ ಮಾಡಿಯೇ ಕೂತೆ. ಹುಡುಗ ನಕ್ಕ. ನಗಲಿ. ಸದ್ದಿಲ್ಲದಾಗಲೇ ಬೆರಳಿಗೆ ಸತ್ಯ ಗೊತ್ತಾಗುವುದು. ಎಡಗಡೆಯ ಕೀಗಳು ತುಸು ಭಾರ, ಬಲಗಡೆಗೆ ಹೋದ ಹಾಗೆ ಹಗುರ ಆಗಬೇಕು. ನಿಜವಾದ ಪಿಯಾನೋದಲ್ಲಿ ಮಂದ್ರದ ಸುತ್ತಿಗೆಗಳು ದೊಡ್ಡವು, ಅದಕ್ಕೆ. ಆಮೇಲೆ ಬಿಳಿ ಕೀಯನ್ನು ಅಂಚಿನಲ್ಲಿ ಅಲ್ಲ, ಒಳಗಡೆ, ಕಪ್ಪು ಕೀಗಳ ನಡುವೆ ಒತ್ತಿ ನೋಡಿ. ಕೀ ಒಳಗೆ ಗಿಡ್ಡ ಇದ್ದರೆ ಅಲ್ಲಿ ಕಲ್ಲಿನ ಹಾಗೆ ಗಟ್ಟಿ ಆಗುತ್ತದೆ. ತೆಳ್ಳಗೆ ಚಂದ ಕಾಣುವ ಮಾಡೆಲ್‌ಗಳಲ್ಲಿ ಇದನ್ನು ತಪ್ಪದೇ ನೋಡಬೇಕು. ಚಿಕ್ಕ ಮಕ್ಕಳಿಗೆ ಮೊದಲ ಒಂದೆರಡು ವರ್ಷ ಇದು ಗೊತ್ತಾಗುವುದಿಲ್ಲ. ದೊಡ್ಡ ಪಾಠಗಳು ಬಂದಾಗ ಬೆರಳು ಒಳಗೆ ಹೋಗಲೇಬೇಕು, ಆಗ ಗೊತ್ತಾಗುತ್ತದೆ.

ಒಂದೇ ಕೀಯನ್ನು ಪೂರ್ತಿ ಮೇಲೆ ಬರಲು ಬಿಡದೆ, ಅರ್ಧದಿಂದಲೇ ಪಟಪಟ ಒತ್ತಿದೆ. ಕೆಲವು ಪಿಯಾನೋ ಸ್ವರ ನುಂಗಿದವು. ಕೀ ಕೆಳಗೆ ಎರಡು ಸೆನ್ಸರ್ ಇದ್ದರೆ ಕೀ ಹೆಚ್ಚುಕಡಿಮೆ ಮೇಲಕ್ಕೆ ಬಂದ ಮೇಲೆಯೇ ಅದಕ್ಕೆ ಮತ್ತೆ ಒತ್ತಿದ್ದು ತಿಳಿಯುತ್ತದೆ. ಮೂರು ಇದ್ದರೆ ನಡುದಾರಿಯಲ್ಲೇ ತಿಳಿಯುತ್ತದೆ.

ಇಷ್ಟಾದ ಮೇಲೆ ಪವರ್ ಆನ್. ಎಲ್ಲರೂ ಕೂತ ತಕ್ಷಣ ಮೂರ್ನಾಲ್ಕು ಸ್ವರ ಒಟ್ಟಿಗೆ ಒತ್ತಿ ಜೋರಾಗಿ ಒಂದು ಕಾರ್ಡ್ ಬಡಿಯುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ, ಜೋರಾಗಿ ಬಡಿದರೆ ಎಲ್ಲವೂ ಗ್ರ್ಯಾಂಡ್ ಪಿಯಾನೋನೇ. ಎಷ್ಟು ಮೆಲ್ಲಗೆ ನುಡಿಸಬಹುದು ಅಂತ ನೋಡಿ. ಒಂದೇ ಕೀಯನ್ನು ಪಿಸುಮಾತಿನಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಜೋರು ಮಾಡುತ್ತ ಹೋಗಿ. ಬರೀ ವಾಲ್ಯೂಮ್ ಏರಿದರೆ ಸಾಲದು, ದನಿಯ ಬಣ್ಣವೂ ಬದಲಾಗಬೇಕು. ಮೆಲ್ಲಗೆ ಇದ್ದಾಗ ದುಂಡು, ಜೋರಾದಾಗ ಚುರುಕು. ನಡುವೆ ಎಲ್ಲೋ ದಡಕ್ಕನೆ ಮೆಟ್ಟಿಲು ಹತ್ತಿದ ಹಾಗೆ ದನಿ ಜಿಗಿದರೆ, ಒಳಗೆ ಮೆಲ್ಲಗೆ, ಜೋರಾಗಿ ಅಂತ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿಟ್ಟ ಪದರಗಳು ಕಡಿಮೆ ಅಂತ ಅರ್ಥ.

ಆಮೇಲೆ ಮಂದ್ರದ ಒಂದು ಸ್ವರ ಒತ್ತಿ ಹಿಡಿದು ಸುಮ್ನೆ ಕೂತುಬಿಡಿ. ನಿಜವಾದ ತಂತಿಯ ನಾದ ಬಹಳ ಹೊತ್ತು ಇರುತ್ತದೆ, ಇದ್ದಷ್ಟೂ ಹೊತ್ತು ಬದಲಾಗುತ್ತ ತೆಳುವಾಗುತ್ತ ಹೋಗುತ್ತದೆ. ರೆಕಾರ್ಡ್ ಮಾಡಿಟ್ಟ ಸ್ವರ ಕಳಪೆಯಾಗಿದ್ದರೆ ಕೆಲವೇ ಸೆಕೆಂಡಿಗೆ ಒಂದೇ ತುಣುಕು ಸುತ್ತು ಹೊಡೆಯಲು ಶುರುವಾಗುತ್ತದೆ, ಫ್ರಿಜ್ ಗುಂಯ್ ಅಂದ ಹಾಗೆ.

ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇನ್ನೊಂದು. ಮಂದ್ರದ ಒಂದು ಕೀಯನ್ನು ಸದ್ದು ಬಾರದ ಹಾಗೆ ನಿಧಾನ ಒತ್ತಿ ಹಿಡಿಯಿರಿ. ಅದರ ಮೇಲಿನ ಸಪ್ತಕದ ಅದೇ ಸ್ವರವನ್ನು ಚಟಕ್ಕನೆ ಹೊಡೆದು ಬಿಡಿ. ಸಿತಾರದ ತರಬ್ ತಂತಿ ತಾನಾಗಿ ಮಿಡಿಯುತ್ತದಲ್ಲ, ಹಾಗೆ ನೀವು ಹಿಡಿದ ಕೀಯ ತಂತಿ ಮೆಲ್ಲಗೆ ಹಾಡಬೇಕು. ಇಲ್ಲಿ ತಂತಿಯೇ ಇಲ್ಲ, ಎಲ್ಲ ಎಲೆಕ್ಟ್ರಾನಿಕ್ ಚಿಪ್‌ನ ಆಟ. ಆದರೂ ಒಳ್ಳೆಯ ಪಿಯಾನೋ ಇದನ್ನು ಮಾಡುತ್ತದೆ. ಮಗಳು ಹೆಡ್‌ಫೋನ್ ಕಿತ್ತುಕೊಂಡು ಹತ್ತು ಸಲ ಮಾಡಿದಳು.

ನಾವು ತಂದದ್ದು ರೋಲ್ಯಾಂಡ್ ಎಫ್‌ಪಿ-30ಎಕ್ಸ್. ಅದಕ್ಕಿಂತ ಅಗ್ಗದ ಎಫ್‌ಪಿ-10ರಲ್ಲೂ ಅದೇ ಕೀಗಳು, ಪಿಎಚ್‌ಎ-4 ಅನ್ನುವುದು. ನಿಧಾನ ಒತ್ತಿದರೆ ತಳಕ್ಕಿಂತ ತುಸು ಮೇಲೆ ಒಂದು ಸಣ್ಣ ತೊಡಕು ಬೆರಳಿಗೆ ಸಿಗುತ್ತದೆ, ಗ್ರ್ಯಾಂಡ್ ಪಿಯಾನೋದಲ್ಲಿ ಸುತ್ತಿಗೆ ಬಿಡಿಸಿಕೊಳ್ಳುವ ಜಾಗದ ನಕಲು. ಮನೆಯಲ್ಲಿ ಕಲಿಯಲಿಕ್ಕೆ ಮಾತ್ರ ಅಂದರೆ ಎಫ್‌ಪಿ-10 ಸಾಕು, ಸುಮ್ನೆ ಜಾಸ್ತಿ ದುಡ್ಡು ಸುರಿಯಬೇಡಿ. ನಾನು ಭಾವಗೀತೆ ಕಾರ್ಯಕ್ರಮಗಳಿಗೂ ಒಯ್ಯುತ್ತೇನೆ. ನನಗೆ ಲೈನ್ ಔಟ್, ಅಂದರೆ ಹಾಲ್‌ನ ಸೌಂಡ್ ಸಿಸ್ಟಮ್‌ಗೆ ವೈರ್ ಜೋಡಿಸುವ ತೂತು, ಬೇಕಿತ್ತು, ಎಫ್‌ಪಿ-10ರಲ್ಲಿ ಅದು ಇಲ್ಲ. ದನಿ ಮಾತ್ರ ನೋಡಿದರೆ ನನ್ನ ಕಿವಿ ಕವಾಯಿ ಇಎಸ್‌120 ಕಡೆ ವಾಲಿತ್ತು. ಆ ದನಿಯಲ್ಲಿ ಒಂಥರಾ ಬೆಚ್ಚಗಿನ ಗುಣ ಇದೆ. ಮಗಳ ಬೆರಳು ಒಪ್ಪಲಿಲ್ಲ. ಬೆರಳು ಅವಳದ್ದು, ಸೋತೆ.

ವೇದಿಕೆಯ ಮೇಲೆ ನುಡಿಸಲೆಂದೇ ಮಾಡಿದ ಅಸಲಿ ಸ್ಟೇಜ್ ಪಿಯಾನೋ ಬೇರೆ ಜಾತಿ. ಯಮಹಾ ಸಿಪಿ88 ಮೇಲೂ ಹತ್ತು ನಿಮಿಷ ಕೂತೆ. ಬಿಳಿ ಕೀಗಳಲ್ಲಿ ಮರ ಇದೆ. ಒಳಗೆ ಅವರದೇ ಗ್ರ್ಯಾಂಡ್ ಜೊತೆ ವಿಯೆನ್ನಾದ ಬೋಸೆನ್‌ಡಾರ್ಫರ್ ದನಿಯೂ ಇದೆ. ಸ್ಪೀಕರ್ ಇಲ್ಲ. ತೂಕ 18.6 ಕಿಲೋ, ಬೆಲೆ ಲಕ್ಷ ದಾಟಿದ್ದು. ಎದ್ದು ಬಂದೆ. ಕೆಂಪು ಬಣ್ಣದ ನಾರ್ಡ್ ಸ್ವೀಡನ್ನಿನದು, ಅದರ ಬೆಲೆ ಕೇಳಲೇ ಇಲ್ಲ.

ತಂದ ಮೇಲೆ ಮೊದಲ ಕಾರ್ಯಕ್ರಮದಲ್ಲೇ ಮಾನ ಹೋಯಿತು. ಸಭಾಗೃಹದ ಹೆಸರು ಬೇಡ. ಮನೆಯಲ್ಲಿ ಅಷ್ಟು ತುಂಬಿದ್ದ ದನಿ ಅಲ್ಲಿ ತಗಡಿನ ಡಬ್ಬಿಯ ಹಾಗೆ ಕೇಳಿಸಿತು. ಪಿಯಾನೋ ಕೆಟ್ಟಿತು ಅಂದುಕೊಂಡೆ. ಕೆಟ್ಟಿರಲಿಲ್ಲ. ಪಿಯಾನೋದ ದನಿಯನ್ನು ಎಡಕ್ಕೊಂದು ಬಲಕ್ಕೊಂದು ಮೈಕ್ ಇಟ್ಟು ರೆಕಾರ್ಡ್ ಮಾಡಿರುತ್ತಾರೆ. ನಮ್ಮ ಸೌಂಡ್‌ನವರ ಮಿಕ್ಸರ್‌ನಲ್ಲಿ ಎಲ್ಲ ಒಂದೇ ದಾರಿ, ಮೋನೋ. ಎರಡನ್ನೂ ಕೂಡಿಸಿದಾಗ ಒಂದರ ಅಲೆ ಇನ್ನೊಂದರ ಅಲೆಯನ್ನು ಅಲ್ಲಲ್ಲಿ ಕೊಂದುಹಾಕುತ್ತದೆ. ದನಿಯ ಹೊಟ್ಟೆ ಖಾಲಿ. ಕೆಲವು ಸ್ಟೇಜ್ ಪಿಯಾನೋಗಳಲ್ಲಿ ಇದಕ್ಕೆಂದೇ ಮೋನೋ ದನಿ ಕೊಟ್ಟಿರುತ್ತಾರೆ. ವೇದಿಕೆಗೆ ಒಯ್ಯುವವರು ಅಂಗಡಿಯಲ್ಲೇ ಎಲ್/ಮೋನೋ ಅಂತ ಬರೆದ ತೂತಿಗೆ ಒಂದೇ ವೈರ್ ಸಿಕ್ಕಿಸಿ, ಒಂದೇ ಸ್ಪೀಕರ್‌ನಲ್ಲಿ ಕೇಳಿ. ಹೆಡ್‌ಫೋನ್‌ನಲ್ಲಿ ಗೆದ್ದದ್ದು ಇಲ್ಲಿ ಸೋಲಬಹುದು. ಪಿಯಾನೋಗೂ ಮಿಕ್ಸರ್‌ಗೂ ನಡುವೆ ಹಾಕಿ ಗುಂಯ್ ಸದ್ದು ತಡೆಯುವ ಒಂದು ಡಿಐ ಬಾಕ್ಸ್ ಕೂಡ ಇಟ್ಟುಕೊಳ್ಳಿ, ನಮ್ಮ ಹಾಲ್‌ಗಳ ಅರ್ತಿಂಗ್ ದೇವರಿಗೇ ಪ್ರೀತಿ.

ಕೀ ಬಿಟ್ಟ ಮೇಲೂ ನಾದ ಉಳಿಯಲಿ ಅಂತ ಕಾಲಲ್ಲಿ ಒತ್ತುವ ಪೆಡಲ್ ಬಗ್ಗೆ ಒಂದು ಮಾತು. ಜೊತೆಗೆ ಪುಕ್ಕಟೆ ಕೊಡುವ ಚಿಕ್ಕ ಚೌಕದ ಪೆಡಲ್ ಸಾಮಾನ್ಯವಾಗಿ ಬರೀ ಆನ್, ಆಫ್. ಟೈಲ್ಸ್ ಮೇಲೆ ಜಾರಿಕೊಂಡು ಗೋಡೆಯ ತನಕ ಹೋಗುತ್ತದೆ, ಹಿಂದೆ ನಿಮ್ಮ ಕಾಲೂ ಹೋಗಬೇಕು. ಅರ್ಧ ಒತ್ತಿದರೆ ಅರ್ಧ ಕೆಲಸ ಮಾಡುವ ಒಳ್ಳೆಯ ಪೆಡಲ್ ಬೇರೆಯೇ ಕೊಳ್ಳಿ. ಎಕ್ಸ್ ಆಕಾರದ ಸ್ಟ್ಯಾಂಡ್ ಬೇಡ. ನಮ್ಮ ಪಿಯಾನೋ 14.8 ಕಿಲೋ, ಜೋರು ನುಡಿಸಿದರೆ ತೊಟ್ಟಿಲು ತೂಗಿದ ಹಾಗೆ ಅಲ್ಲಾಡುತ್ತದೆ.

"ಎಷ್ಟಾದರೂ ಡಿಜಿಟಲ್ ನಕಲಿಯೇ" ಅನ್ನುವ ಒಬ್ಬ ಗೆಳೆಯ ಇದ್ದಾನೆ. ಮಿಸ್ ಮನೆಯ ಪಿಯಾನೋದ ಪಾಡು ಅವನಿಗೆ ಗೊತ್ತಿಲ್ಲ. ಬೆಳಗಾವಿ ಮಳೆಗೆ ಮರ ಉಬ್ಬಿ ಕೀಗಳು ಕಚ್ಚಿಕೊಳ್ಳುತ್ತವೆ. ತೇವ ಆರಲಿ ಅಂತ ಜೂನ್‌ನಿಂದ ಒಳಗೆ ಒಂದು ಬಲ್ಬ್ ಉರಿಸಿಟ್ಟಿರುತ್ತಾರೆ. ಶ್ರುತಿ ಮಾಡುವವರು ಗೋವಾದಿಂದ ಘಾಟ್ ಹತ್ತಿ ಬರಬೇಕು. ಇನ್ನೂರಕ್ಕೂ ಹೆಚ್ಚು ತಂತಿ, ದಿನವಿಡೀ ಕೆಲಸ. ನಕಲಿ ಅನ್ನುವ ಮಾತಿಗೆ ನಮ್ಮ ಪೇಟಿಯೂ ಒಮ್ಮೆ ಗುರಿಯಾಗಿತ್ತು ನೋಡಿ. ಅದು ಪರದೇಶದ್ದು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಲ್ಲಿ ಬರುವುದಿಲ್ಲ ಅಂತ 1940ರಲ್ಲಿ ರೇಡಿಯೋದವರು ಹೊರಗೆ ಹಾಕಿದ್ದರು. ಮೂರು ದಶಕ ಹೊರಗೇ ಇತ್ತು. ಅಪ್ಪ ಆ ಸಿಟ್ಟನ್ನು ಕೊನೆಯ ತನಕ ಇಟ್ಟುಕೊಂಡಿದ್ದರು.

ಹೊಸ ಪಿಯಾನೋದ ಮೇಲೆ ಮಗಳಿಗೆ ಮೊದಲ ತಿಂಗಳು ಬೆರಳು ನೋವು. ಎರಡನೇ ತಿಂಗಳು ಮಿಸ್ ಮನೆಯಲ್ಲಿ ಎಲ್ಲ ಸ್ವರ ಕೇಳಿಸಿದವು. ಈಗ ರಾತ್ರಿ ಊಟವಾದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾಳೆ. ಯಾರಿಗೂ ತೊಂದರೆ ಇಲ್ಲ ಅಂತ ನಾವು ಹಾಯಾಗಿದ್ದೆವು. ಮೊನ್ನೆ ಕೆಳಗಿನ ಮನೆಯ ಕಾಕಾ ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿದರು. "ರಾತ್ರಿ ಹತ್ತಕ್ಕ ಏನ್ ಕುಟ್ಟತೀರೋ ಮಾರಾಯಾ, ಶೇಂಗಾ ಚಟ್ನಿನ?" ಅಂತ ಕೇಳಿದರು. ಹೆಡ್‌ಫೋನ್ ಹಾಕಿದರೆ ನಮಗೆ ಪಿಯಾನೋ ಕೇಳಿಸುತ್ತದೆ, ಕೆಳಗಿನವರಿಗೆ ಬರೀ ಕೀಗಳ ದಬದಬ. ಸ್ಟ್ಯಾಂಡಿನ ಕಾಲಿಗೆ ನಾಲ್ಕು ಮಡಿಕೆ ಜಮಖಾನೆ ಹಾಸಿದ್ದೇವೆ. ಮೂರು ದಿನ ಆಯಿತು, ಕಾಕಾ ಇನ್ನೂ ಏನೂ ಅಂದಿಲ್ಲ.