ದುಡ್ಡು ಮಾಡಿದ್ದು ಬಳ್ಳಿ ಮಾರಿದವರು

ಶಿರಸಿ ಕಡೆ ಈಗ ನಾಲ್ಕು ಜನ ಕೂತಲ್ಲೆಲ್ಲ ಸೈಡ್ ಇನ್‌ಕಮ್ಮಿನದೇ ಮಾತು. ಅಡಿಕೆಗೆ ಕೊಳೆ, ಎಲೆಚುಕ್ಕಿ. ನೌಕರಿಯಲ್ಲಿದ್ದವರಿಗೆ ಸಂಬಳ ಸಾಲುವುದಿಲ್ಲ. ಏನಾದರೂ ಮಾಡಬೇಕು, ಒಪ್ಪಿದೆ. ಆದರೆ ಯಾವುದರಲ್ಲಿ ದುಡ್ಡು ಜಾಸ್ತಿ ಅಂತ ಕೇಳುವ ಮೊದಲು, ಇದರಲ್ಲಿ ಮೊದಲು ದುಡ್ಡು ಎಣಿಸುವವರು ಯಾರು ಅಂತ ಕೇಳಿ.

ವೆನಿಲ್ಲಾ ನೆನಪಿದೆ ಅಲ್ವಾ? 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿಯಿತು. ಅಲ್ಲಿ ಬೆಳೆ ಹೋಯಿತು, ಇಲ್ಲಿ ದರ ಏರಿತು. 2003ರ ಹೊತ್ತಿಗೆ ಹಸಿ ಕೋಡಿಗೇ ಕೆಜಿಗೆ ಸಾವಿರಗಳ ಲೆಕ್ಕ. ಅಡಿಕೆ ತೋಟದ ಸಂದಿಗೊಂದಿಯಲ್ಲೆಲ್ಲ ಬಳ್ಳಿ ಹಬ್ಬಿತು. ಅದೇನು ಸುಲಭದ ಬೆಳೆಯಲ್ಲ. ಹೂವು ಬೆಳಿಗ್ಗೆ ಅರಳಿದರೆ ಮಧ್ಯಾಹ್ನಕ್ಕೆ ಬಾಡುತ್ತದೆ. ಅಷ್ಟರೊಳಗೆ ಸಣ್ಣ ಕಡ್ಡಿಯಿಂದ ಒಳಗಿನ ಪೊರೆ ಎತ್ತಿ, ಪರಾಗವನ್ನು ಹೆಬ್ಬೆರಳಲ್ಲಿ ಒತ್ತಬೇಕು. ಒಂದೊಂದೇ ಹೂವಿಗೆ! ಬಳ್ಳಿ ಹೂ ಬಿಡಲು ಮೂರು ವರ್ಷ, ಕೋಡು ಬಲಿಯಲು ಮತ್ತೆ ಒಂಬತ್ತು ತಿಂಗಳು. ಅಷ್ಟು ಹೊತ್ತಿಗೆ ಮಡಗಾಸ್ಕರ್ ಚೇತರಿಸಿಕೊಂಡಿತ್ತು. 2004ರಿಂದ ದರ ಧೊಪ್ಪನೆ ಬಿತ್ತು. ಕಳ್ಳರ ಕಾಟಕ್ಕೆ ರಾತ್ರಿ ಕಾವಲು ಕೂತವರೇ ಬಳ್ಳಿ ಕಿತ್ತು ಗೊಬ್ಬರಗುಂಡಿಗೆ ಹಾಕಿದರು. ದುಡ್ಡು ಮಾಡಿದ್ದು ನೆಡುವ ಬಳ್ಳಿಯನ್ನು ಮೀಟರ್ ಲೆಕ್ಕದಲ್ಲಿ ಮಾರಿದವರು.

ಈಗ ಬಳ್ಳಿಯ ಜಾಗದಲ್ಲಿ ಕೋರ್ಸ್ ಬಂದಿದೆ. ಟ್ರೇಡಿಂಗ್ ಕೋರ್ಸ್, ಯೂಟ್ಯೂಬ್ ಕೋರ್ಸ್, ಕೋರ್ಸ್ ಮಾರುವುದು ಹೇಗೆ ಅನ್ನುವ ಕೋರ್ಸ್. ಷೇರುಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿ 2024ರಲ್ಲಿ ಹೊರಡಿಸಿದ ಅಧ್ಯಯನ ನೋಡಿ. ಅದಕ್ಕೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ಸ್‌ಗೆ, ಅಂದರೆ ಷೇರಿನ ಮುಂದಿನ ದರದ ಮೇಲೆ ಮಾಡುವ ವ್ಯವಹಾರಕ್ಕೆ, ಕೈಹಾಕಿದ ಬಿಡಿ ಜನರಲ್ಲಿ 100ಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ. ಕಲಿಸುವವರ ಫೀಸಿಗೆ ಮಾತ್ರ ಯಾವ ನಷ್ಟವೂ ಇಲ್ಲ.

ಹಾಗಾದರೆ ಏನು ಮಾಡುವುದು? ಇದ್ದದ್ದರ ಬೆನ್ನಿಗೇ ಇನ್ನೊಂದು ಹಚ್ಚಿ. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ ಹಿರಿಯರು ಮಾಡಿದ್ದೂ ಅದನ್ನೇ. ತುಡುವೆ ಜೇನಿನ ಎರಡು ಪೆಟ್ಟಿಗೆ ಇಡಬಹುದು, ಮಳೆಗಾಲದಲ್ಲಿ ಸಕ್ಕರೆ ಪಾಕ ಕೊಡುವ ಪುರುಸೊತ್ತು ಇದ್ದರೆ. ಮನೆ ಹತ್ತಿರ ಅಪ್ಪೆಮಿಡಿ ಮಾವಿನ ಮರ ಇದ್ದರೆ ಉಪ್ಪಿನಕಾಯಿ ಒಳ್ಳೆಯದೇ. ಆದರೆ ಮಿಡಿ ತೊಟ್ಟಿನ ಸಮೇತ ಇಳಿಯಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಸೇರಿದರೂ ಭರಣಿ ಕೆಡುತ್ತದೆ. ಮರ ಹತ್ತಿ ಅಷ್ಟು ನಾಜೂಕಾಗಿ ಕೊಯ್ಯುವವರು ಸಿಗುತ್ತಾರಾ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಇನ್ನೊಂದು ತಕರಾರು ನನಗಿದೆ. 'ಹಲಸಿನ ಹಪ್ಪಳದಲ್ಲಿ ಒಳ್ಳೇ ಲಾಭ' ಅನ್ನುವ ಗಂಡಸರು ಖರ್ಚಿನ ಪಟ್ಟಿಯಲ್ಲಿ ಪ್ಯಾಕೆಟ್, ಲೇಬಲ್, ಕೊರಿಯರ್ ಎಲ್ಲ ಬರೆಯುತ್ತಾರೆ. ಸೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಒತ್ತಿ, ಮೇ ತಿಂಗಳ ಬಿಸಿಲಲ್ಲಿ ಮಗುಚಿ ಹಾಕುವ ಹೆಂಡತಿ, ಅಮ್ಮನ ಕೂಲಿ ಅದರಲ್ಲಿ ಇರುವುದೇ ಇಲ್ಲ. ಹೊರಗಿನ ಆಳಿಗೆ ಎಷ್ಟು ಕೊಡುತ್ತೀರೋ ಅಷ್ಟನ್ನು ಅವರ ಹೆಸರಿಗೂ ಬರೆಯಿರಿ. ಆಮೇಲೂ ಏನಾದರೂ ಉಳಿದರೆ ಅದನ್ನು ಲಾಭ ಅನ್ನಿ, ನನ್ನದೇನೂ ಅಭ್ಯಂತರ ಇಲ್ಲ.