ಗವರ್ನಮೆಂಟಿಗೇ ಗುತ್ತಿಗೆ

ಮುಂಬಯಿಯ ಚೆಂಬೂರಿನ ನಮ್ಮ ಶೆಟ್ಟರ ಹೋಟೆಲಿನಲ್ಲಿ ಹದಿನೈದು ಕಿಲೋ ಎಣ್ಣೆಯ ಡಬ್ಬ ಮೂರೇ ದಿನಕ್ಕೆ ತಳ ಕಾಣುತ್ತಿದೆ. ಕರಿಯುವ ವಡೆ ಮಾತ್ರ ಎಂದಿನಷ್ಟೇ. ಏನು ಮಾಡಲಿ ಎಂದು ನನ್ನನ್ನು ಕೇಳಿದರು. ಪಕ್ಕದ ಮಾಹುಲಿನ ತೈಲ ರಿಫೈನರಿಗಳ ವಾಸನೆ ಕುಡಿದೇ ಬೆಳೆದವನು ನಾನು. ಎಣ್ಣೆಯ ವಿಷಯದಲ್ಲಿ ಬಾಯಿ ಹಾಕಲು ಅಷ್ಟು ಅರ್ಹತೆ ಸಾಕು.

"ನೈಜೀರಿಯಾದ ದಾರಿ ಹಿಡಿಯಿರಿ ಶೆಟ್ಟರೇ" ಎಂದೆ.

ಅಲ್ಲಿನ ನೈಜರ್ ನದೀಮುಖದಲ್ಲಿ ಕೊಳವೆ ಕೊರೆದು ಕಚ್ಚಾ ತೈಲ ಕದಿಯುವುದು ಹೆಚ್ಚುಕಡಿಮೆ ಗುಡಿಕೈಗಾರಿಕೆ. 2022ರಲ್ಲಿ ದೇಶದ ಉತ್ಪಾದನೆ ದಿನಕ್ಕೆ ಹತ್ತು ಲಕ್ಷ ಬ್ಯಾರೆಲ್‌ಗಿಂತ ಕೆಳಗಿಳಿದು, ಆಫ್ರಿಕಾದ ಮೊದಲ ಸ್ಥಾನ ಅಂಗೋಲಾದ ಪಾಲಾಯಿತು. ಸರ್ಕಾರ ಕಣ್ಣುಜ್ಜಿಕೊಂಡು ಎದ್ದು, ಕೊಳವೆ ಕಾಯುವ ಗುತ್ತಿಗೆ ಕೊಟ್ಟಿತು. ಯಾರಿಗೆ? ಒಂದು ಕಾಲದಲ್ಲಿ ಬಂದೂಕು ಹಿಡಿದು ಅದೇ ತೈಲೋದ್ಯಮದ ನಿದ್ದೆಗೆಡಿಸಿದ್ದ ಬಂಡುಕೋರ ಟೊಂಪೊಲೊನ ನಂಟಿರುವ ಕಂಪನಿಗೆ! ವರ್ಷಕ್ಕೆ 4,800 ಕೋಟಿ ನೈರಾ ಎಂದು ಪತ್ರಿಕೆಗಳು ಬರೆದವು. ಆತನ ಪೂರ್ಣ ಹೆಸರು ಗವರ್ನಮೆಂಟ್ ಎಕ್ಪೆಮುಪೊಲೊ. ದೇವರಾಣೆಗೂ ನಾನು ಕಟ್ಟಿದ ಹೆಸರಲ್ಲ. ಸರ್ಕಾರ ತನ್ನ ಕೆಲಸವನ್ನು ಗವರ್ನಮೆಂಟಿಗೆ ಒಪ್ಪಿಸಿತು, ಇದರಲ್ಲಿ ತಪ್ಪೇನು?

ನಗಬೇಡಿ, ಕೆಲಸ ನಡೆಯಿತು. ಕೆಲವೇ ವಾರಗಳಲ್ಲಿ ಹಡಗುಗಳಿಗೆ ತೈಲ ತುಂಬುವ ಫೋರ್ಕಾಡೋಸ್ ಟರ್ಮಿನಲ್‌ನಿಂದ ಸಮುದ್ರಕ್ಕೆ ಎಳೆದಿದ್ದ 4 ಕಿಲೋಮೀಟರ್ ಕಳ್ಳ ಕೊಳವೆ ಸಿಕ್ಕಿತು. ಒಂಬತ್ತು ವರ್ಷಗಳಿಂದ ಹರಿಯುತ್ತಿತ್ತಂತೆ! ನೌಕಾಪಡೆಯಿತ್ತು, ಪೊಲೀಸರಿದ್ದರು, ಕಣ್ಣುಗಳೂ ಇದ್ದವು. ನಮ್ಮ ಬೀದಿಯಲ್ಲಿ ಗಟಾರದ ಪಕ್ಕ ಎರಡು ಅಡಿ ಅಗೆದರೆ ಸಾಕು, ವಿಚಾರಿಸಲು ನಾಲ್ಕು ಮಂದಿ ಬಂದು ಚಹಾ ಕುಡಿದು ಹೋಗುತ್ತಾರೆ.

"ಸಿಕ್ಕಿಬಿದ್ದ ಮಾಲನ್ನು ಏನು ಮಾಡಿದರು?" ಶೆಟ್ಟರಿಗೆ ವ್ಯಾಪಾರದ ಚಿಂತೆ.

"2023ರ ಜುಲೈನಲ್ಲಿ ಎಂಟು ಲಕ್ಷ ಲೀಟರ್ ಕದ್ದ ತೈಲ ತುಂಬಿದ್ದ ಹಡಗು ಹಿಡಿದರು. ಉಳಿದ ಕಳ್ಳರಿಗೆ ಪಾಠವಾಗಲಿ ಎಂದು ಹಡಗಿಗೇ ಬೆಂಕಿ ಇಟ್ಟರು."

"ಅಯ್ಯೋ, ಸಾಕ್ಷಿ?"

"ಹೊಗೆ ಕಾಣಿಸಿತಲ್ಲ!"

ಶೆಟ್ಟರು ಯೋಚನೆಗೆ ಬಿದ್ದರು. "ಹಾಗಾದರೆ ಸ್ಟೋರಿನ ಕೀಲಿಯನ್ನು ವಡೆ ಕರಿಯುವವನ ಕೈಗೇ ಕೊಡಬೇಕೆನ್ನುತ್ತೀರಾ?"

"ಸಂಬಳವನ್ನೂ ಏರಿಸಿ. ಅಂದಹಾಗೆ, ಅವನು ನಿಮ್ಮಲ್ಲಿಗೆ ಬಂದು ಎಷ್ಟು ವರ್ಷವಾಯಿತು?"

"ಒಂಬತ್ತು" ಎಂದವರೇ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ, ಪಂಚೆ ಎತ್ತಿ ಕಟ್ಟಿ ಅಡುಗೆಮನೆಗೆ ನಡೆದರು. ಇಣುಕಿ ನೋಡಿದೆ. ಶೆಟ್ಟರು ರುಬ್ಬುವ ಯಂತ್ರದ ಹಿಂದೆ ಮಂಡಿಯೂರಿ, ಗೋಡೆಯ ಬುಡಕ್ಕೆ ಟಾರ್ಚ್ ಹಾಯಿಸುತ್ತಿದ್ದರು.